ಎಂಬತ್ತೆರಡು ಮೈಲಿ

"ತೊಂಬತ್ತೆಂಟು!" ಎಂದು ಟಿ.ವಿ.ಯ ಹುಡುಗಿ ಕಿರುಚಿದಳು. ಅಮೆರಿಕದ ಬೇಸ್‌ಬಾಲ್ ತಂಡಗಳಿಗೆ ಹುಡುಗರನ್ನು ಆರಿಸಲು ಬಂದು, ಚೆಂಡಿನ ವೇಗ ಅಳೆಯುವ ಯಂತ್ರ ಹಿಡಿದು ಸಾಲಾಗಿ ಕುಳಿತಿದ್ದ ಏಳೂ ಜನ ಅದೇ ಅಂಕಿಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ಚಪ್ಪಾಳೆಯೋ ಚಪ್ಪಾಳೆ. ಗಂಟೆಗೆ ತೊಂಬತ್ತೆಂಟು ಮೈಲಿ ವೇಗದ ಆ ಚೆಂಡನ್ನು ಬ್ಯಾಟು ಹಿಡಿದಿದ್ದ ಅಮೌರಿಸ್ ಬೀಸಿ ಹೊಡೆದಿದ್ದ, ಅದು ಬೇಲಿ ದಾಟಿ ಕಬ್ಬಿನ ಗದ್ದೆಗೆ ಬಿದ್ದಿತ್ತು ಎನ್ನುವುದನ್ನು ಗಮನಿಸಿದವರು ಮೂವರೋ ನಾಲ್ವರೋ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ, ಇವರಿಗೆ ಏನು ಹೇಳುವುದು!

ಎಸೆದವನು ಯೆರಿಕ್. ಸಾನ್ ಪೆದ್ರೊ ಊರಿನ ಪತ್ರಿಕೆಗಳು ಒಂದು ತಿಂಗಳಿಂದ ಅವನನ್ನು 'ಮಿಂಚು' ಎಂದೇ ಕರೆಯುತ್ತಿದ್ದವು. ಪಾಪ, ಹುಡುಗ ಒಳ್ಳೆಯವನೇ. ಆದರೆ ಎಸೆದದ್ದೆಲ್ಲ ಗೆರೆ ಎಳೆದಷ್ಟು ನೇರ. ಕ್ಯಾಮೆರಾ ಅವನ ಬೆನ್ನಿಗೇ ಬಿದ್ದು ನೆರಳಿಗೆ ಹೋಯಿತು.

"ನೆರೆಯೊ, ಇನ್ನು ನೀನು ಹೋಗು," ಎಂದ ತರಬೇತುದಾರ ದೋನ್ ಮೆಲಾನಿಯೊ. "ನಮ್ಮ ಹುಡುಗ್ರು ಹೊಡೆಯೋದನ್ನ ಇವರು ನೋಡ್ಬೇಕು. ಮೆತ್ತಗೆ ಹಾಕು, ಮಧ್ಯಕ್ಕೇ ಹಾಕು. ನಿನ್ನ ಕರಾಮತ್ತು ಏನೂ ಬೇಡ."

"ನಂದನ್ನೂ ಒಂದ್ಸಲ ನೋಡ್ಲಿ ಯಜಮಾನ್ರೇ. ಆ ಯಂತ್ರದಲ್ಲಿ ಬೇಡ, ಕಣ್ಣಲ್ಲಿ."

"ಹೋಗೋ, ಹೋಗೋ! ದೊಡ್ಡ ಮನುಷ್ಯ!"

ಆ ಮೈದಾನದ ಪದ್ಧತಿಯೇ ಹಾಗೆ. ಅಮೆರಿಕದ ತಂಡಗಳಿಗೆ ಬೇಡವಾದವನು ಉಳಿದವರಿಗೆ ಸುಲಭದ ಚೆಂಡು ಹಾಕಿಕೊಟ್ಟು ಅವರನ್ನು ಗೆಲ್ಲಿಸಬೇಕು. ನೆರೆಯೊಗೆ ಹತ್ತೊಂಬತ್ತು. ಹದಿನಾರಕ್ಕೇ ತಂಡದ ಕರಾರಿಗೆ ಸಹಿ ಹಾಕಿಸಿಕೊಳ್ಳುವ ಈ ಊರಿನ ಲೆಕ್ಕದಲ್ಲಿ ಅವನು ಮುದುಕ. ಎತ್ತರವಿಲ್ಲ, ವೇಗವಿಲ್ಲ. ಇಂದೂ ಯಾರೂ ಕೈ ಹಿಡಿಯದಿದ್ದರೆ ಸೋಮವಾರದಿಂದ ಭಾವನ ಬೈಕ್ ಟ್ಯಾಕ್ಸಿ ಓಡಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆದರೂ ತನ್ನ ಚೆಂಡಿನ ಮೇಲೆ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮೆತ್ತಗೆ ಮೂರು ಚೆಂಡು ಹಾಕಿದ. ಮೂರನ್ನೂ ಅಮೌರಿಸ್ ದೂರಕ್ಕೆ ಅಟ್ಟಿದ. ನಾಲ್ಕನೆಯದಕ್ಕೆ ಬ್ಯಾಟು ಬೀಸಲೇ ಇಲ್ಲ. ಮುಖ ಗಂಟಿಕ್ಕಿಕೊಂಡು ನಿಂತ.

"ಏನೋ, ನಾನೇನು ಹಲ್ಲಿಲ್ಲದ ಮುದುಕನಾ? ಗಂಜಿ ಕುಡಿಸ್ತಿದೀಯ?"

"ಯಜಮಾನ್ರ ಅಪ್ಪಣೆ."

"ಬ್ಯಾಟ್ ಹಿಡಿದಿರೋನು ನಾನು ಕಣೋ, ಯಜಮಾನ್ರಲ್ಲ. ತಾಕತ್ತಿದ್ರೆ ನಿಂದು ಹಾಕು!"

"ಆಮೇಲೆ ಅಳಬಾರದು."

"ಅಳೋದು ಯಾರು ನೋಡೇಬಿಡೋಣ. ಹಾಕೋ!"

ನೆರೆಯೊ ನಕ್ಕ. ಮೊದಲ ಚೆಂಡು ಸೋಮಾರಿಯಂತೆ ಬಂತು, ಅಮೌರಿಸ್ ಗಾಳಿಗೆ ಹೊಡೆದ. ಎರಡನೆಯದು ಎದೆಮಟ್ಟಕ್ಕೆ ಕಂಡಿತು, ಬ್ಯಾಟು ತಲುಪುವಷ್ಟರಲ್ಲಿ ಮೊಣಕಾಲಿನ ಕೆಳಗಿತ್ತು. ಮೂರನೆಯದಕ್ಕೆ ಅಮೌರಿಸ್ ಹಲ್ಲುಕಚ್ಚಿ ಕಾದ, ಕಾದ, ಇದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದ. ಬೀಸಿದ ರಭಸಕ್ಕೆ ತಾನೇ ಮಣ್ಣಿನ ಮೇಲೆ ಕುಕ್ಕರಿಸಿದ. ಶಿರಸ್ತ್ರಾಣ ಉರುಳಿಹೋಯಿತು.

ಅಷ್ಟು ಹೊತ್ತಿಗೆ ಏಳರಲ್ಲಿ ಆರು ಜನ ಸಾಂಕೋಚೊ ಸಾರಿನ ಪಾತ್ರೆಯ ಸುತ್ತ ನಿಂತು ಮಿಂಚಿನ ಗುಣಗಾನ ಮಾಡುತ್ತಿದ್ದರು. ಅಮೌರಿಸ್‌ನನ್ನು ತನ್ನ ತಂಡಕ್ಕೆ ಸೇರಿಸಿಕೊಳ್ಳಲೆಂದೇ ಬಂದಿದ್ದ ಅರ್ಸೆನಿಯೊ ಒಬ್ಬ ಮಾತ್ರ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಅವನು ತನ್ನ ಯಂತ್ರ ನೋಡಿ ತುಟಿ ಸೊಟ್ಟ ಮಾಡಿದ. "ಎಂಬತ್ತೆರಡು. ನಮ್ಮಜ್ಜಿ ಇದಕ್ಕಿಂತ ಜೋರಾಗಿ ಎಸೀತಾಳೆ."

ದೋನ್ ಮೆಲಾನಿಯೊ ಕೆಂಡಾಮಂಡಲವಾದ. "ಉಂಡ ಮನೆಗೆ ಎರಡು ಬಗೆದೆಯಲ್ಲೋ! ಎರಡು ವರ್ಷ ಮೈ ಮುರಿದು ಅವನನ್ನ ತಯಾರು ಮಾಡಿದೀನಿ. ಮೂರೇ ಚೆಂಡಿಗೆ ಮಣ್ಣು ಮುಕ್ಕಿಸಿಬಿಟ್ಟೆ!"

ನೆರೆಯೊ ಅಮೌರಿಸ್‌ನತ್ತ ನೋಡಿದ. ಗೆಳೆಯನ ಬಾಯಿಗೆ ಬಂದ ತುತ್ತು ತನ್ನಿಂದ ತಪ್ಪಿಹೋದರೆ? ಆದರೆ ಎಸೆದದ್ದಕ್ಕೆ ಅವನು ತಲೆ ತಗ್ಗಿಸಲಿಲ್ಲ. "ಅವನು ಕೇಳ್ದ, ನಾನು ಹಾಕ್ದೆ," ಎಂದ.

ಅರ್ಸೆನಿಯೊ ಮೈದಾನಕ್ಕಿಳಿದು ಅಮೌರಿಸ್‌ನ ಹೆಗಲ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡಪ್ಪ. ಆ ನಿಧಾನದ ಚೆಂಡನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಮಿಂಚಿನ ಚೆಂಡನ್ನೇ ಬೇಲಿ ದಾಟಿಸಿದೋನು ನೀನು, ನಾನು ನೋಡಿದೀನಿ. ಕಾಗದ ತಂದಿದೀನಿ, ಸಹಿ ಹಾಕು."

ದೋನ್ ಮೆಲಾನಿಯೊನ ಮುಖ ಅರಳಿತು. ಅಮೌರಿಸ್ ಪ್ಯಾಂಟಿನ ಮಣ್ಣು ಕೊಡವಿಕೊಂಡ. ಪೆನ್ನಿಗೆ ಕೈ ಚಾಚಲಿಲ್ಲ.

"ಹಾಕ್ತೀನಿ ಸರ್. ಮೊದಲು ಅವನ ಹತ್ರ ಹಾಕಿಸ್ಕೊಳ್ಳಿ."

"ಯಾರು, ಆ ಎಂಬತ್ತೆರಡರವನಾ? ತಮಾಷೆ ಮಾಡ್ತೀಯಾ? ಅವನು ನಮಗ್ಯಾಕೆ?"

"ಬೇರೆ ತಂಡದೋರು ತಗೊಂಡುಬಿಟ್ರೆ," ಎಂದ ಅಮೌರಿಸ್, "ನಿಮ್ಮ ಪರವಾಗಿ ಅವನೆದುರು ಬ್ಯಾಟ್ ಹಿಡಿದು ನಿಲ್ಬೇಕಾದೋನು ನಾನು ತಾನೇ?"