ಕಾರ್ಯದರ್ಶಿಗೆ ಮತವಿಲ್ಲ

ಗಡಿಗೆ ಬೋರಲಾಯಿತು. ಆರು ತೊಗರಿ, ಒಂದು ಜೋಳ.

ಚರ್ಚಿನ ಉಪದೇಶಿ ಹುಲೆಪ್ಪ ಬೆರಳಿನಿಂದ ಕಾಳು ಸರಿಸಿ ಮತ್ತೆ ನೋಡಿದ. ತೊಗರಿ ಎಂದರೆ ಸ್ಮಶಾನದ ನಡುಗೋಡೆ ಕೆಡವಬಹುದು. ಜೋಳ ಎಂದರೆ ಬೇಡ. ಗೋಡೆಯ ಒಳಗೆ ಹೊಲವುಳ್ಳ ಕ್ರೈಸ್ತರ ಗೋರಿಗಳು. ಹೊರಗೆ, ಅವರ ಹೊಲದಲ್ಲಿ ದುಡಿದು ಸತ್ತ ಕ್ರೈಸ್ತರವು. ಅವನ ತಾಯಿ ಸಾಬವ್ವ ಹೋಳಿಯ ತನಕ ಉಳಿಯುವುದಿಲ್ಲವೆಂದು ಆಳಂದದ ಹಕೀಮರು ಹೇಳಿದ್ದರು. ಅವಳನ್ನು ಹೊರಗೆ ಹೂಳಬಾರದು. ಅವನಿಗೆ ಬೇಕಾದದ್ದು ಅಷ್ಟೇ.

ದೇಶದ ಬಿಷಪ್ಪರೆಲ್ಲ ಮದ್ರಾಸಿನಲ್ಲಿ ಕೂಡಿ ಸಭೆ ಕಟ್ಟಿಕೊಂಡ ಮರುವರ್ಷ ಅದು. ಆ ಸಭೆಯಿಂದ ಒಂದು ಹುಕುಂ ಕೊಡಿಸಿರೆಂದು ಹುಲೆಪ್ಪ ಅರ್ಜಿ ಬರೆದಿದ್ದ.

ಪಾದ್ರಿ ನಕ್ಕಿದ್ದರು. "ಸಭೆ ಸಲಹೆ ಕೊಡ್ತದ, ಹುಕುಂ ಕೊಡೂದಿಲ್ಲ. ಅವರವರ ಸೀಮಿಗೆ ಅವರವರೇ ದೊಡ್ಡವರು. ನಮ್ಮ ಬಿಷಪ್ಪರು ನಿಮ್ಮ ಮ್ಯಾಲೇ ಬಿಟ್ಟಾರ."

ಹಾಗಾಗಿ ಏಳು ಮನೆಯ ಹಿರಿಯರು ಬಿಷಪ್ಪರಂತೆಯೇ ಗುಟ್ಟಾಗಿ ಮತ ಹಾಕಬೇಕು, ಏಳೂ ಮಂದಿ ಒಪ್ಪಿದರೆ ಮಾತ್ರ ಗೋಡೆ ಬೀಳಬೇಕು ಎಂದಾಯಿತು. ಹುಲೆಪ್ಪ ಕಾರ್ಯದರ್ಶಿ. ಕಾರ್ಯದರ್ಶಿಗೆ ಮತವಿಲ್ಲ. ಅವನ ಮನೆಯ ಮತ ಸಾಬವ್ವನದು. ಅವಳನ್ನು ಬೆನ್ನ ಮೇಲೆ ಹೊತ್ತು ತಂದಿದ್ದ. ದಾರಿಯಲ್ಲಿ ಹೇಳಿದ್ದ:

"ಗ್ವಾಡಿ ಒಳಗ ಚಂದ್ರಾಮಪ್ಪ ಗೌಡ್ರ ಅಪ್ಪನ ಗೋರಿ ಬಾಜೂಕ ಜಾಗ ಖಾಲಿ ಅದ, ಯವ್ವಾ. ಬೇವಿನ ನೆರಳು."

"ನನ್ನ ಜಾಗ ನನಗ ಗೊತ್ತದಪಾ," ಎಂದಿದ್ದಳು.

ಹರೆಯದಲ್ಲಿ ಅವಳು ಆ ಗೌಡರ ಮನೆಯಲ್ಲೇ ಕಸಮುಸುರೆ ಮಾಡಿದ್ದವಳು. ಒಂದು ದಿನ ಬಿಟ್ಟು ಬಂದವಳು ಮತ್ತೆ ಆ ಓಣಿಗೆ ಕಾಲಿಟ್ಟಿರಲಿಲ್ಲ.

ಈಗ ಹುಲೆಪ್ಪನ ಕಣ್ಣು ಚಂದ್ರಾಮಪ್ಪ ಗೌಡನ ಮೇಲೆ ನಿಂತಿತು.

"ಪೂಜಿಗೂ ಮುಂದಿನ ಸಾಲು, ಗೋರಿಗೂ ಮುಂದಿನ ಸಾಲು. ಇನ್ನೂ ಹೊಟ್ಟಿ ತುಂಬಿಲ್ಲೇನ್ರಿ ಗೌಡ್ರ?"

"ಯಾರು ಹಾಕ್ಯಾರ ಅಂತ ಕೇಳಬಾರದು," ಪಾದ್ರಿ ತಡೆದರು.

"ಕೇಳೂದೇನದ್ರಿ, ಸ್ವಾಮ್ಯಾರ. ಮಾರಿ ಮ್ಯಾಲೇ ಬರದದ."

ಚಂದ್ರಾಮಪ್ಪ ರುಮಾಲು ಸರಿಪಡಿಸಿಕೊಂಡು ಎದ್ದ. "ನಾ ತೊಗರಿ ಹಾಕಿದ್ದೆ, ಹುಲೆಪ್ಪ. ಇನ್ನ ಯಾವತ್ತೂ ಹಾಕೂದಿಲ್ಲ."

ಅವನ ಹಿಂದೆ ಇನ್ನಿಬ್ಬರು ಎದ್ದು ಹೋದರು.

ಹುಲೆಪ್ಪ ತಾಯಿಯನ್ನು ಹೊತ್ತು ಮನೆಯತ್ತ ನಡೆದ. ಅವಳಲ್ಲಿ ಭಾರವೆಂಬುದೇ ಉಳಿದಿರಲಿಲ್ಲ.

"ಸುಳ್ಳ ಹೇಳ್ತಾನ, ಯವ್ವಾ. ಅವನೇ ಬ್ಯಾಡಂದಾವ."

ಸಾಬವ್ವ ಬಹಳ ಹೊತ್ತು ಕೆಮ್ಮಿದಳು. ಆಮೇಲೆ ಅವನ ಹೆಗಲಿಗೆ ಗದ್ದವೂರಿ, ಮೆಲ್ಲಗೆ ಹೇಳಿದಳು:

"ಬ್ಯಾಡಂದಾಕಿ ನಾನು. ಅವರಪ್ಪನ ಬಾಜೂಕ ಮತ್ತೊಮ್ಮೆ ಮಲಗಾಕ ಒಲ್ಲೆ, ಮಗನ."