ಮುಚ್ಚಳದ ಮೇಲಿನ ದೃಷ್ಟಿಬೊಟ್ಟು

ಕಲಬುರಗಿಯಲ್ಲಿ ಪಿಂಗಾಣಿ ಲೇಪವಿಲ್ಲದ ಯಾವುದನ್ನೂ ಹಗಲು ಹೊರಗೆ ತರುವಂತಿರಲಿಲ್ಲ; ಬೆಳಗಿನ ಬಿಸಿಲಿಗೇ ಕಾದು ಕೈ ಸುಡುತ್ತಿತ್ತು. ಬಸಲಿಂಗಮ್ಮನೂ ಹಸುಗೂಸು ಮೊಮ್ಮಗಳ ತಳ್ಳುಗಾಡಿಯ ತಗಡಿನ ಮುಚ್ಚಳವನ್ನು ಖಾಜಾಸಾಬರ ಆವಿಖಾನೆಗೆ ಕೊಟ್ಟಿದ್ದಳು. ಅಲ್ಲಿ ಪಿಂಗಾಣಿ ಆವಿಯಾಗಿ, ಮಂಜಿನಂತೆ ಬಂದು ತಗಡಿನ ಮೇಲೆ ಕೂರುತ್ತಿತ್ತು.

ಲೇಪವಾದ ಮುಚ್ಚಳವನ್ನು ಸಾಬರು ಆವಿಖಾನೆಯ ಅಂಗಳದಲ್ಲಿ ಬೆಳಗಿನ ಬಿಸಿಲಿಗಿಟ್ಟು ನೋಡಿದಾಗ ನಡುವೆ ಕಾಸಗಲದ ಲೇಪ ಹಕ್ಕಳೆಯಂತೆ ಉದುರಿತು.

"ಇಲ್ಲಿ ಏನರೆ ಹಚ್ಚಿದ್ರೇನ್ರಿ ಅವ್ವಾ?" ಎಂದರು ಸಾಬರು.

"ಕಾಡಿಗಿ ರೀ. ಕೂಸಿಗಿ ದೃಷ್ಟಿ ಆಗಬಾರದಂತ ಒಂದು ಬೊಟ್ಟು ಇಟ್ಟಿದ್ದೆ."

"ಎಣ್ಣಿ ಜಿಡ್ಡಿನ ಮ್ಯಾಲ ಲೇಪ ಹಿಡಿಯಂಗಿಲ್ರಿ. ಅಯ್ಯ, ಮುಟ್ಟಬ್ಯಾಡ್ರಿ, ಸುಡತದ!"

ಅಷ್ಟರಲ್ಲಿ ಆಕೆಯ ಬೆರಳು ಬರಿ ತಗಡಿನ ಮೇಲಿತ್ತು. ಹೋದ ಬೇಸಿಗೆಯ ಇದೇ ಹೊತ್ತಿನಲ್ಲಿ ಬಾಗಿಲ ಚಿಲಕ ಮುಟ್ಟಿ ಬೊಬ್ಬೆ ಎದ್ದಿದ್ದ ಬೆರಳು. ಈಗ ಆಕೆ ಅದನ್ನು ತೆಗೆಯಲೇ ಇಲ್ಲ.

"ಸಾಬ್ರೇ, ನೀವೂ ಮುಟ್ಟಿ ನೋಡ್ರಿ."

ಅವರು ಅಂಜುತ್ತಲೇ ಮುಟ್ಟಿದರು. ಆಮೇಲೆ ತಲೆಯೆತ್ತಿ ಸೂರ್ಯನತ್ತ ನೋಡಿದರು.

"ಬರೇ ಬೆಚ್ಚಗದ! ಇನ್ನ ನನ್ನ ಧಂದೆ ಮುಳುಗಿತು ತಗೋರಿ," ಎಂದು ಬಾಯ್ತುಂಬ ನಕ್ಕರು.

ಬಸಲಿಂಗಮ್ಮ ಬಾಗಿಲೊಳಗಿನ ನೆರಳಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಮಗಳನ್ನು ಕೂಗಿದಳು.

"ಹೊರಗ ಬಾ ನನ್ನವ್ವಾ. ಕೂಸಿಗಿ ಎಣ್ಣಿ ಹಚ್ಚಿ ಎಳಿ ಬಿಸಿಲಿಗಿ ಮಲಗಸೂಣು."