ಕೂತು ಹೋದವನು

ಪೆಟ್ಟಿಗೆಗೆ ಆರು ಮಂದಿ ಕೈ ಹಾಕಿದರು. ಒಳಗಿದ್ದ ಸಂಗಮೇಶ್ವರ ಒಳ್ಳೆ ಮೈಕಟ್ಟಿನ ಆಳು. ಭಾರವಿರುತ್ತದೆಂದು ಎಲ್ಲರೂ ಉಸಿರು ಬಿಗಿಹಿಡಿದು ಎತ್ತಿದರು. ಪೆಟ್ಟಿಗೆ ಸರಕ್ಕನೆ ಎದ್ದು ಬಂತು. ಆರೂ ಮಂದಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಂಬ್ಯುಲೆನ್ಸಿನಿಂದ ಇಳಿಸಿ, ಮುಧೋಳದ ಆ ಮನೆಯ ಅಂಗಳದಲ್ಲಿ ಹೂವು ಸುತ್ತಿ ಸಿದ್ಧಮಾಡಿದ್ದ ಕುರ್ಚಿಯ ಪಕ್ಕದಲ್ಲಿಟ್ಟರು. ಕುರ್ಚಿ ಸತ್ತವನನ್ನು ಕೂರಿಸಿ ಒಯ್ಯಲಿಕ್ಕೆ. ಪೆಟ್ಟಿಗೆ ನೋಡಿದರೆ ಆಳುದ್ದ.

ಪೆಟ್ಟಿಗೆಯ ಜೊತೆ ಬಂದವನು ಸುಮಧ್ವ, ಸರಕು ವಿಮಾನದ ಕಂಪನಿಯಲ್ಲಿ ಬುಕಿಂಗ್ ಗುಮಾಸ್ತ. ಶಹಾಬಾದದವನು. ನಮ್ಮ ಕಡೆಯವನೆಂದು ಸಂಗಮೇಶ್ವರನೇ ಹೇಳಿ ಕೆಲಸ ಕೊಡಿಸಿದ್ದ. ಕಂಪನಿ ಎಂದರೆ ಎರಡೇ ವಿಮಾನ. ಒಂದು ಕೆಟ್ಟು ಶೆಡ್ಡಿನಲ್ಲಿ ನಿಂತು ಬಹಳ ಕಾಲವಾಗಿತ್ತು. ಅದರ ಸಾಮಾನು ಬಿಚ್ಚಿ ಇನ್ನೊಂದಕ್ಕೆ ಹಾಕಿ ಹಾರಿಸುತ್ತಿದ್ದರು. ಇಳಿದ ಊರಿನಲ್ಲಿ ಏನಾದರೂ ಕೈಕೊಟ್ಟರೆ ನೋಡುವವರಿಲ್ಲವೆಂದು ಮೆಕ್ಯಾನಿಕ್ ಸಂಗಮೇಶ್ವರನನ್ನೂ ಪ್ರತಿ ಸಲ ಹತ್ತಿಸಿ ಕಳಿಸುತ್ತಿದ್ದರು. ಹಾರುತ್ತಿದ್ದ ಆ ಒಂದೂ ಮೊನ್ನೆ ಮೇಲೇರುವಾಗಲೇ ಬಿದ್ದು ಉರಿಯಿತು. ಇಬ್ಬರು ಪೈಲಟ್‌ಗಳ ಪೆಟ್ಟಿಗೆಗಳು ಅವರವರ ಊರಿಗೆ ಹೋದವು, ಇದು ಇಲ್ಲಿಗೆ ಬಂತು. ಪೆಟ್ಟಿಗೆ ತೆಗೆಯಲು ಬಿಡಬೇಡ ಎಂದಷ್ಟೇ ಹೇಳಿ ಮಾಲೀಕರು ಫೋನು ಬಂದ್ ಮಾಡಿಕೊಂಡಿದ್ದರು.

"ತೆಗೀರಿ ಅದನ್ನ," ಎಂದರು ಸಂಗಮೇಶ್ವರನ ತಂದೆ ನಾಗೇಂದ್ರಪ್ಪ.

"ತೆಗಿಯಂಗಿಲ್ರಿ ಕಾಕಾ. ದವಾಖಾನಿಯವರು ಸೀಲ್ ಮಾಡ್ಯಾರ."

"ನೀ ಶಹಾಬಾದದಾಗ ಬೆಳದವ. ನಮ್ಮ ಮಂದಿ ಮಣ್ಣಾಗ ಹ್ಯಾಂಗ ಇಡ್ತಾರ, ಕಂಡಿಲ್ಲೇನು?"

"ಕಂಡೀನ್ರಿ. ಕುಂದರಿಸ್ತಾರ."

"ಕಂಡೂ ಮಲಗಿಸ್ಕೊಂಡು ಬಂದಿ."

ಹೊಲದಲ್ಲಿ ಕುಣಿ ತೋಡಿ ಆಗಿತ್ತು. ಉದ್ದ ಕಡಿಮೆ, ಆಳ ಹೆಚ್ಚು, ತಳದಲ್ಲಿ ಒಂದು ಗೂಡು. ಅಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಕೊಟ್ಟು, ವಿಭೂತಿ ಪತ್ರಿ ತುಂಬಬೇಕು. ಈ ಪೆಟ್ಟಿಗೆ ಅದರಲ್ಲಿ ಹಿಡಿಯುವ ಮಾತೇ ಇರಲಿಲ್ಲ. ನೆಟ್ಟಗೆ ನಿಲ್ಲಿಸಿ ಇಳಿಸಿದರೆ ಹೇಗೆ ಎಂದು ಮಠದ ಅಯ್ಯನವರು ಮೆಲ್ಲಗೆ ಕೇಳಿದರು.

"ನಿಂತೇ ಇರಬೇಕೇನ್ರಿ ಅಯ್ನೋರ ನನ್ನ ಮಗ? ಬಸ್ಸಿನ್ಯಾಗ ಜಾಗ ಸಿಗದವರಂಗ?"

"ಜೆಸಿಬಿ ತರಸ್ಲೇನು ಮಾಮಾ?" ಎಂದ ಪೆಟ್ಟಿಗೆ ಹೊತ್ತವರಲ್ಲೊಬ್ಬ. "ಐದು ಮಿನಿಟಿನ್ಯಾಗ ಕುಣಿ ಉದ್ದ ಮಾಡಿ ಕೊಡ್ತಾನ."

"ನೀ ಬಾಯಿ ಮುಚ್ಚಲೇ."

ಸುಮಧ್ವ ನಾಗೇಂದ್ರಪ್ಪನವರನ್ನು ಹಿತ್ತಲಿನ ಬೇವಿನ ಮರದ ಮರೆಗೆ ಕರೆದೊಯ್ದ. ದಾರಿಯುದ್ದಕ್ಕೂ ನಾಲಿಗೆಯ ಮೇಲೆ ಹೊತ್ತುಕೊಂಡು ಬಂದಿದ್ದ ಮಾತು ಈಗ ಹೊರಡಲಿಕ್ಕೆ ಹೊತ್ತು ಹಿಡಿಯಿತು.

"ಕುಂದರಸೋ ಅಷ್ಟು ಒಳಗ ಇಲ್ರಿ ಕಾಕಾ."

ನಾಗೇಂದ್ರಪ್ಪ ಮರದ ತೊಗಟೆಯನ್ನು ಉಗುರಿನಿಂದ ಕೆರೆಯುತ್ತ ನಿಂತರು.

"ಎತ್ತಿದಾಗೇ ತಿಳೀತಪ್ಪ. ಆರು ಮಂದಿಯಾಗ ನಾನೂ ಒಂದು ಮೂಲಿ ಹಿಡಿದಿದ್ದೆ. ತಿಳಿದೂ ನಿನ್ನ ಜೋಡಿ ಜಗಳಾಡ್ಲಿಕತ್ತಿದ್ದೆ, ಅಷ್ಟೇ. ಅವನ ಅವ್ವಗ ಹೇಳಬ್ಯಾಡ."

ಅಂಗಳಕ್ಕೆ ಮರಳಿ, ಎಲ್ಲರಿಗೂ ಕೇಳುವಂತೆ, "ಮಲಗಿಸೇ ಇಡೋಣ. ಜೆಸಿಬಿ ಕರೀರಿ," ಎಂದರು. ಹೆಂಗಸರ ನಡುವೆ ಕುಳಿತಿದ್ದ ಸಂಗಮೇಶ್ವರನ ತಾಯಿ ಶರಣಬಸಮ್ಮ ಎದ್ದು ಬಂದು ಪೆಟ್ಟಿಗೆಯ ಮೇಲೆ ಕೈಯೂರಿದರು.

"ಯಾರು ಮಲಗಸೋರು? ನಿಮ್ಮ ಅಪ್ಪಗ ಕುಂದರಿಸೀರಿ, ಅವರ ಅಪ್ಪಗ ಕುಂದರಿಸ್ಯಾರ. ಇವನೊಬ್ಬ ಏನು ತಪ್ಪು ಮಾಡ್ಯಾನ?" ಆಕೆ ಸುಮಧ್ವನ ಕಡೆ ತಿರುಗಿದರು. "ತಮ್ಮಾ, ನೀ ಖರೇ ಹೇಳು. ಬೀಳೋ ಹೊತ್ತಿನ್ಯಾಗ ಅವ ಕುಂತಿದ್ನೇನು? ಕುಂತೇ ಜೀವ ಬಿಟ್ಟಿದ್ರ ಅಲ್ಲೇ ಕುಂದರಿಸಿದಂಗಾತು, ಮಲಗಸ್ರಿ, ನಂದೇನೂ ತಕರಾರಿಲ್ಲ. ಇಲ್ಲಂದ್ರ ಪೆಟ್ಟಿಗಿ ಒಡೀರಿ. ಹ್ಯಾಂಗಿದ್ರೂ ನಾ ಕುಂದರಸ್ತೀನಿ."

ಅಂಗಳದಲ್ಲಿದ್ದವರೆಲ್ಲ ಸುಮಧ್ವನನ್ನೇ ನೋಡುತ್ತಿದ್ದರು. ನಾಗೇಂದ್ರಪ್ಪ ಮಾತ್ರ ನೆಲ ನೋಡುತ್ತಿದ್ದರು.

ಆ ವಿಮಾನದಲ್ಲಿ ಮುಂದೆ ಪೈಲಟ್‌ಗಳಿಗೆ ಎರಡು ಸೀಟು, ಅವರ ಬೆನ್ನ ಹಿಂದೆ ಮೆಕ್ಯಾನಿಕ್‌ಗೆ ಒಂದು. ಹಬ್ಬದ ಸೀಜನ್ನಿನಲ್ಲಿ ಇನ್ನೂ ನಾಲ್ಕು ಚೀಲ ಹೆಚ್ಚಿಗೆ ಹಿಡಿಯಲಿ ಎಂದು ಮಾಲೀಕರು ಆ ಮೂರನೆಯದನ್ನು ಬಿಚ್ಚಿಸಿದ್ದರು. ಅಂದಿನಿಂದ ಸಂಗಮೇಶ್ವರ ಛಾವಣಿಗೆ ತಲೆ ಬಡಿಯದಂತೆ ಕೊರಿಯರ್ ಚೀಲಗಳ ಮೇಲೆ ಅಡ್ಡ ಮಲಗಿಯೇ ಹೋಗಿಬರುತ್ತಿದ್ದ. ಬಿದ್ದ ದಿನವೂ ಹಾಗೆಯೇ ಮಲಗಿ ಹೋದದ್ದು.

"ಅಣ್ಣಾರು ಕುಂತಿದ್ರು ಅವ್ವಾ," ಎಂದ ಸುಮಧ್ವ. "ಪಟ್ಟಾ ಕಟ್ಕೊಂಡು, ನೆಟ್ಟಗ ಕುಂತಿದ್ರು."

ಶರಣಬಸಮ್ಮ ಪೆಟ್ಟಿಗೆಯಿಂದ ಕೈ ತೆಗೆದರು. ಯಾರೋ ಜೆಸಿಬಿಯವನಿಗೆ ಫೋನು ಹಚ್ಚಿದರು. ಇನ್ನೊಬ್ಬರು ಹೂವಿನ ಕುರ್ಚಿಯನ್ನು ಎತ್ತಿ ಗೋಡೆಗೆ ಸರಿಸಿದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಸುಮಧ್ವನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದರು:

"ಸೀಟು ಮೆತ್ತಗಿತ್ತೇನಪಾ? ಅವಗ ನಡಾ ಭಾಳ ನೋಯ್ತಿತ್ತು."

"ಭಾಳ ಮೆತ್ತಗ ಅದರಿ," ಎಂದ ಅವನು. ಅದೊಂದು ಸುಳ್ಳಾಗಿರಲಿಲ್ಲ. ಬಿಚ್ಚಿದ ಆ ಸೀಟನ್ನು ಆಫೀಸಿಗೆ ತಂದು ಹಾಕಿದ ದಿನದಿಂದ ಅದರ ಮೇಲೆ ಕೂತು ಬುಕಿಂಗ್ ಬರೆಯುತ್ತಿದ್ದವನು ಅವನೇ.